ಕಡತ ತಾಯಿಯದು, ಮಾತು ಯಾರದು?

ಬಾಗಲಕೋಟೆ ಜಿಲ್ಲೆಯ ಬೇವೂರಿನಲ್ಲಿರುವ ತನ್ನ ತವರಿಗೆ ಚೊಚ್ಚಲ ಹೆರಿಗೆಗೆಂದು ಬಂದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳೋಣ. ಅವಳನ್ನು ಪರೀಕ್ಷಿಸಿದ ವೈದ್ಯರು ಮೂರು ಸಾಲು ಬರೆಯುತ್ತಾರೆ: ನಾಡಿ ನಿಮಿಷಕ್ಕೆ 84, ಹೃದಯದ ಬಡಿತ ನಿಮಿಷಕ್ಕೆ 144, ತಂದೆಗೆ ಸಕ್ಕರೆ ಕಾಯಿಲೆ. ಕಡತ ಒಂದೇ, ಅದರ ಮೇಲಿನ ಹೆಸರೂ ಒಂದೇ. ಆದರೆ ಸಾಲುಗಳು ಮೂವರನ್ನು ಕುರಿತವು! ಮೊದಲನೆಯದು ಅವಳನ್ನು, ಎರಡನೆಯದು ಗರ್ಭದಲ್ಲಿರುವ ಕೂಸನ್ನು, ಮೂರನೆಯದು ಹೊಲಕ್ಕೆ ಹೋಗಿರುವ ಅವಳ ತಂದೆಯನ್ನು.

ಅನುಭವವುಳ್ಳ ದಾದಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100 ಸಲ ಮಿಡಿದರೆ, ಭ್ರೂಣದ ಹೃದಯ 110ರಿಂದ 160 ಸಲ ಬಡಿಯುವುದು ಸಹಜವೆಂದು ಆಕೆ ಬಲ್ಲಳು. ಆದುದರಿಂದ 144 ಎಂಬುದು ಕೂಸಿನ ಲೆಕ್ಕವೆಂದು ನೋಡಿದೊಡನೆಯೇ ತಿಳಿಯುತ್ತಾಳೆ. ಗಣಕಯಂತ್ರಕ್ಕೆ ಈ ವಿವೇಚನೆ ತಾನಾಗಿ ಬಾರದು. ಕಾಗದದ ಮೇಲೆ ಒಂದು ಸಾಲಿಗೆ ಅಕ್ಕಪಕ್ಕದ ಸಾಲುಗಳು ಅರ್ಥ ಕೊಡುತ್ತವೆ. ಗಣಕವಾದರೋ ಪ್ರತಿಯೊಂದು ನಮೂದನ್ನೂ ಬಿಡಿಸಿ ಬೇರೆ ಬೇರೆ ಖಾನೆಯಲ್ಲಿಡುತ್ತದೆ. ಬೇಕಾದಾಗ ಒಂದನ್ನೇ ಎತ್ತಿ ಇನ್ನೊಂದು ಆಸ್ಪತ್ರೆಗೆ ಕಳುಹಿಸುತ್ತದೆ. ಒಂಟಿಯಾಗಿ ಹೊರಟ ಆ 144, ತಾನು ಯಾರ ಹೃದಯದ್ದೆಂದು ಹೇಳಬಲ್ಲುದೆ?

ಇದರಿಂದ ಆಗುವ ಕೇಡು ಅಲ್ಪವೆಂದು ಭಾವಿಸಬಾರದು. ತಾಯಿಯ ರಕ್ತ ಆರ್‌ಎಚ್ ಋಣ, ಮಗುವಿನದು ಆರ್‌ಎಚ್ ಧನ ಎಂದಿಟ್ಟುಕೊಳ್ಳೋಣ. ಹೆರಿಗೆಯ ವೇಳೆ ಮಗುವಿನ ಕೆಂಪು ರಕ್ತಕಣಗಳು ತಾಯಿಯ ರಕ್ತವನ್ನು ಸೇರಬಹುದು. ತಾಯಿಯ ದೇಹ ಅವನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ. ಚೊಚ್ಚಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಮುಂದಿನ ಕೂಸೂ ಆರ್‌ಎಚ್ ಧನವಾಗಿದ್ದರೆ ಆ ಪ್ರತಿಕಾಯಗಳು ಗರ್ಭದಲ್ಲಿಯೇ ಅದರ ರಕ್ತಕಣಗಳನ್ನು ನಾಶಮಾಡಬಲ್ಲವು. ಇದನ್ನು ತಡೆಯಲು, ಪ್ರತಿಕಾಯಗಳು ಇನ್ನೂ ಹುಟ್ಟಿರದ ತಾಯಿಗೆ ಹೆರಿಗೆಯಾದ 72 ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ಮಗುವಿನ ‘ಆರ್‌ಎಚ್ ಧನ’ ಎಂಬ ನಮೂದನ್ನು ತಾಯಿಯದೆಂದು ಓದಿದರೆ ಆ ಚುಚ್ಚುಮದ್ದು ತಪ್ಪಿಹೋಗಬಹುದು. ಬರೆದ ಮಾತು ಸುಳ್ಳಲ್ಲ. ಅದು ಯಾರ ಮಾತೆಂಬುದು ತಪ್ಪಿತು, ಅಷ್ಟೆ. ದಂಡ ತೆರುವುದು ಇನ್ನೂ ಹುಟ್ಟದ ಮಗು.

ವಿದ್ಯುನ್ಮಾನ ಆರೋಗ್ಯ ದಾಖಲೆಗಳ ನಿಯಮಗಳನ್ನು ರೂಪಿಸಿದವರು ಈ ತೊಡಕನ್ನು ಮನಗಂಡಿದ್ದಾರೆ. ‘ಓಪನ್ ಇಎಚ್‌ಆರ್’ ಎಂಬ ಪದ್ಧತಿಯಲ್ಲಿ, ನಮೂದು ಯಾರನ್ನು ಕುರಿತದ್ದು ಎಂಬುದಕ್ಕೆ ಪ್ರತ್ಯೇಕ ಸ್ಥಾನವಿದೆ. ಅದು ಕಡತದ ಒಡೆಯರನ್ನೇ ಕುರಿತದ್ದಲ್ಲವಾದರೆ, ಭ್ರೂಣ, ತಂದೆ ಮುಂತಾಗಿ ಅವರ ಸಂಬಂಧವನ್ನು ಅಲ್ಲಿ ತಿಳಿಸಬಹುದು. ‘ಫೈರ್’ ಎಂದು ಕರೆಯಲಾಗುವ ಮತ್ತೊಂದು ಪದ್ಧತಿಯು ಕಡತ ಯಾರದು, ಅವಲೋಕನ ಯಾರನ್ನು ಕುರಿತದ್ದು ಎಂಬ ಎರಡು ಪ್ರಶ್ನೆಗಳಿಗೆ ಎರಡು ಖಾನೆಗಳನ್ನು ಇಟ್ಟಿದೆ. ಕುಟುಂಬದವರ ಕಾಯಿಲೆಗಳಿಗೆ ಬೇರೆಯೇ ನಮೂನೆಯನ್ನು ಕೊಟ್ಟಿದೆ. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದಾಖಲೆಗಳ ವಿನಿಮಯಕ್ಕೆ ಈ ಎರಡನೆಯ ಪದ್ಧತಿಯನ್ನೇ ಆಧರಿಸಿದೆ.

ಆ ಯೋಜನೆಯ ‘ಆಭಾ’ ಸಂಖ್ಯೆಯಲ್ಲಿ 14 ಅಂಕಿಗಳಿವೆ. ಇದರ ಉಪಯೋಗ ಬಾಗಲಕೋಟೆ ಸೀಮೆಯವರಿಗೆ ಬೇಗ ಮನವರಿಕೆಯಾದೀತು. ಇಲ್ಲಿ ಊರಿನ ಹೆಸರೇ ಅಡ್ಡಹೆಸರಾಗುವುದುಂಟು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದುಂಟು. ಹೀಗಾಗಿ ಸಂಗಪ್ಪ ಬೇವೂರ ಎಂದು ಕೂಗಿದರೆ ಅಜ್ಜನೂ ಮೊಮ್ಮಗನೂ ಒಟ್ಟಿಗೇ ‘ಓ’ ಎಂದಾರು. ಮದುವೆಯಾದ ಹೆಣ್ಣುಮಗಳಿಗೆ ತವರಿನಲ್ಲಿ ಒಂದು ಅಡ್ಡಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ತೊಟ್ಟಿಲಿಗೆ ಹಾಕಿ ಹೆಸರಿಡುವವರೆಗೆ ಹಸುಗೂಸಿಗಂತೂ ‘ಇಂಥವಳ ಕೂಸು’ ಎಂಬುದೇ ಹೆಸರು. ಅವಳಿಗಳಾದರೆ ಅದೂ ಸಾಲದು. ಸಂಖ್ಯೆಯು ಇಂಥ ಗೊಂದಲವನ್ನು ಬಹುಮಟ್ಟಿಗೆ ಬಿಡಿಸುತ್ತದೆ. ಆದರೆ ಅದು ಹೇಳುವುದು ಕಡತ ಯಾರದೆಂಬುದನ್ನು ಮಾತ್ರ. ಒಳಗಿನ ಸಾಲು ಯಾರದೆಂಬುದನ್ನು ಬರೆಯುವವರೇ ಹೇಳಬೇಕು.

ಈಗ ಬೇವೂರಿನ ಆ ಮೂರನೆಯ ಸಾಲಿಗೆ ಮರಳೋಣ. ‘ತಂದೆಗೆ ಸಕ್ಕರೆ ಕಾಯಿಲೆ’ ಎಂದಿತ್ತಷ್ಟೆ. ಯಾರ ತಂದೆಗೆ? ಅವಳ ತಂದೆಯೆಂದು ನಾವು ಮೊದಲೇ ಹೇಳಿದೆವು. ಆದರೆ ಆ ಸಾಲನ್ನಷ್ಟೇ ಓದಿದವರು ಹುಟ್ಟಲಿರುವ ಕೂಸಿನ ತಂದೆ, ಅಂದರೆ ಅವಳ ಗಂಡ, ಎಂದು ಏಕೆ ತಿಳಿಯಬಾರದು? ತಂದೆ ಎಂಬ ಪದಕ್ಕೆ ಮಗುವೊಂದು ಬೇಕೇ ಬೇಕು; ಸಂಬಂಧವನ್ನು ಹೇಳುವಾಗ ಅದರ ಎರಡು ತುದಿಗಳನ್ನೂ ಹೇಳಬೇಕು. ‘ಗರ್ಭಿಣಿಯ ತಂದೆಗೆ’ ಎಂದು ಒಂದು ಪದವನ್ನು ಹೆಚ್ಚಾಗಿ ಬರೆದಿದ್ದರೆ ಸಂಶಯಕ್ಕೆ ಎಡೆಯೇ ಇರುತ್ತಿರಲಿಲ್ಲ. ನಮ್ಮ ಓದುಗರಲ್ಲಿ ಕೆಲವರು ನಾಳೆ ವೈದ್ಯರಾಗುವರು, ಕೆಲವರು ಗಣಕಗಳಿಗೆ ಕ್ರಮವಿಧಿ ಬರೆಯುವರು. ಮಿಕ್ಕವರೂ ಮನೆಯವರೊಡನೆ ಆಸ್ಪತ್ರೆಗೆ ಹೋಗಿ ವೈದ್ಯರ ಪ್ರಶ್ನೆಗಳಿಗೆ ಉತ್ತರ ಕೊಡುವವರೇ. ಆಗ ಏನಾಗಿದೆ ಎಂಬುದರ ಜೊತೆಗೆ ಯಾರಿಗೆ ಎಂಬುದನ್ನೂ ಬಿಡಿಸಿ ಹೇಳುವುದನ್ನು ಅವರು ಮರೆಯದಿರಲಿ.