ಕತ್ತಿ ಬೀಸುವ ಮುನ್ನ ಒಂದು ಹೆಜ್ಜೆ

ಜಪಾನಿನ ವಿಡಿಯೊ ಆಟದ ಮಳಿಗೆಗಳಲ್ಲಿ ಎರಡು ಯಂತ್ರಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಇಡುವುದು ರೂಢಿ. ಆ ಬದಿಯಲ್ಲಿ ಕುಳಿತ ಎದುರಾಳಿಯ ಮುಖ ಕಾಣುವುದಿಲ್ಲ. ಪರದೆಯ ಮೇಲೆ ಅವನ ಕತ್ತಿ ಮಾತ್ರ ಕಾಣುತ್ತದೆ. ಗೆದ್ದವನು ಹಾಕಿದ ನಾಣ್ಯದಲ್ಲೇ ಆಡುತ್ತ ಹೋಗುತ್ತಾನೆ. ಸೋತವನು ಇನ್ನೊಂದು 100 ಯೆನ್ ಹಾಕಬೇಕು, ಇಲ್ಲವೇ ಎದ್ದು ಜಾಗ ಬಿಡಬೇಕು. ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಪಟಪಟನೆ ಒತ್ತುವ ಹೊಸಬನ ಜೇಬು ಖಾಲಿಯಾಗಲು ಹೆಚ್ಚು ಹೊತ್ತೇನೂ ಬೇಡ.

ಹೊಸಬ ಸೋಲುವುದು ಬೆರಳು ಚುರುಕಿಲ್ಲದ್ದರಿಂದ ಎಂದು ನೋಡುವವರಿಗೆ ಅನ್ನಿಸುತ್ತದೆ. ಆದರೆ ಆಯುಧ ಹಿಡಿದು ಕಾದಾಡುವ ಆಟಗಳ ಮಟ್ಟಿಗೆ ಕಾರಣ ಬೇರೆಯೇ ಇದೆ. ಅವನು ನಿಲ್ಲಬಾರದ ಜಾಗದಲ್ಲಿ ನಿಂತಿರುತ್ತಾನೆ.

1991ರ 'ಸ್ಟ್ರೀಟ್ ಫೈಟರ್ 2' ಮುಖ್ಯವಾಗಿ ಕೈಕಾಲುಗಳ ಕಾಳಗ. 1993ರಲ್ಲಿ ಎಸ್‌ಎನ್‌ಕೆ ಕಂಪನಿ 'ಸಮುರಾಯ್ ಶೋಡೌನ್' ತಂದು ಆಟಗಾರರ ಕೈಗೆ ಕತ್ತಿ ಕೊಟ್ಟಿತು. ಅದರ ನಾಯಕ ಹಾವೊಮಾರುವನ್ನು ರೂಪಿಸಿದ್ದು 17ನೇ ಶತಮಾನದ ಪ್ರಸಿದ್ಧ ಖಡ್ಗವೀರ ಮಿಯಾಮೊಟೊ ಮುಸಾಶಿಯ ಮಾದರಿಯಲ್ಲಿ. ಅಲ್ಲಿ ಒಂದು ಭಾರಿ ಏಟು ಬಿದ್ದರೆ ಜೀವಪಟ್ಟಿಯ ದೊಡ್ಡ ಪಾಲೇ ಮಾಯ. 1997ರ 'ಬುಷಿಡೊ ಬ್ಲೇಡ್' ಇನ್ನೂ ಕಠಿಣ. ಅದರಲ್ಲಿ ಜೀವಪಟ್ಟಿಯೇ ಇರಲಿಲ್ಲ. ಮರ್ಮಕ್ಕೆ ಒಂದು ಏಟು ಬಿದ್ದರೆ ಕಥೆ ಮುಗಿಯಿತು. ಹೊಡೆತ ಇಷ್ಟು ದುಬಾರಿಯಾದಾಗ ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳದಿರುವುದು ದೊಡ್ಡ ವಿದ್ಯೆಯಾಗುತ್ತದೆ.

ಜಪಾನಿನ ಕತ್ತಿವರಸೆಯವರಿಗೆ ಇದು ಹೊಸದಲ್ಲ. ಇಬ್ಬರು ಕಾದಾಳುಗಳ ನಡುವಿನ ಅಂತರಕ್ಕೆ ಅವರು 'ಮಾಆಯ್' ಎನ್ನುತ್ತಾರೆ. ಕೆಂಡೊ ಕಲಿಯುವವರಿಗೆ ಮೊದಲು ಪರಿಚಯವಾಗುವ ಅಂತರದ ಹೆಸರು 'ಇಸ್ಸೊಕು ಇತ್ತೊ', ಅಂದರೆ ಒಂದು ಹೆಜ್ಜೆ, ಒಂದು ಕತ್ತಿ. ಒಂದು ಹೆಜ್ಜೆ ಮುಂದಿಟ್ಟರೆ ಎದುರಾಳಿಗೆ ಏಟು ತಾಗಬೇಕು, ಒಂದು ಹೆಜ್ಜೆ ಹಿಂದಿಟ್ಟರೆ ಅವನ ಏಟು ತಪ್ಪಬೇಕು, ಅಂಥ ಜಾಗ ಅದು. ಪರದೆಯ ಮೇಲೂ ಹೊಸಬ ಮೊದಲು ಹುಡುಕಬೇಕಾದದ್ದು ಈ ಜಾಗವನ್ನೇ.

ಇದನ್ನು ಕಲಿಯಲು ನಾಮ್ಕೊ ಕಂಪನಿಯ 'ಸೋಲ್‌ಕ್ಯಾಲಿಬರ್' ಒಳ್ಳೆಯ ಪಾಠಶಾಲೆ. 1998ರಲ್ಲಿ ಮಳಿಗೆಗಳಿಗೆ, 1999ರಲ್ಲಿ ಡ್ರೀಮ್‌ಕಾಸ್ಟ್ ಯಂತ್ರದ ಮೂಲಕ ಮನೆಗಳಿಗೆ ಬಂದ ಆಟವಿದು. ಜಪಾನಿನ 'ಫಮಿತ್ಸು' ಪತ್ರಿಕೆ ಇದಕ್ಕೆ 40ಕ್ಕೆ 40 ಅಂಕ ಕೊಟ್ಟಿತ್ತು. ಇದರಲ್ಲಿರುವುದು ಒಂದು ಹಿಡಿಕೆ ಮತ್ತು ನಾಲ್ಕು ಗುಂಡಿ: ಅಡ್ಡಬೀಸು, ನೇರ ಕಡಿತ, ಒದೆತ ಮತ್ತು ತಡೆ. ಹಿಡಿಕೆಯನ್ನು ಒತ್ತಿ ಹಿಡಿದರೆ ಪಾತ್ರ ಎಂಟು ದಿಕ್ಕಿಗೂ ನಡೆಯುತ್ತದೆ. ಆಟದ ಮರ್ಮವಿರುವುದು ಈ ನಡಿಗೆಯಲ್ಲಿ. ಮೇಲಿನಿಂದ ಇಳಿಯುವ ನೇರ ಕಡಿತ ಸಾಮಾನ್ಯವಾಗಿ ಬಲವಾದದ್ದು, ಆದರೆ ಪಕ್ಕಕ್ಕೆ ಸರಿದವನಿಗೆ ತಾಗದು. ಹಾಗೆ ಸರಿಯುವವನನ್ನು ಹಿಡಿಯಲೆಂದೇ ಅಡ್ಡಬೀಸು ಇದೆ. ಎದುರಾಳಿ ಸರಿಯುವ ಸ್ವಭಾವದವನೋ, ನಿಂತಲ್ಲೇ ನಿಲ್ಲುವವನೋ ಎಂದು ಮೊದಲ ಸುತ್ತಿನಲ್ಲೇ ಗಮನಿಸಿದವನಿಗೆ ಅರ್ಧ ಕೆಲಸ ಮುಗಿದಂತೆ.

ಇನ್ನರ್ಧ ತಡೆಯದು. ನಿಂತು ತಡೆದರೆ ತಲೆಮಟ್ಟದ ಏಟೂ ನಡುಮಟ್ಟದ ಏಟೂ ನಿಲ್ಲುತ್ತವೆ, ಕಾಲಿಗೆ ಬರುವುದು ಮಾತ್ರ ತಾಗುತ್ತದೆ. ಕುಕ್ಕರಿಸಿ ತಡೆದರೆ ಕಾಲಿನ ಏಟು ನಿಲ್ಲುತ್ತದೆ, ತಲೆಮಟ್ಟದ್ದು ಮೇಲೆ ಹಾದುಹೋಗುತ್ತದೆ, ಆದರೆ ನಡುಮಟ್ಟದ್ದು ಬಿದ್ದೇ ಬೀಳುತ್ತದೆ. ಗೊಂದಲವಾದರೆ ನಿಂತೇ ತಡೆಯುವುದು ಮೇಲು; ಕಾಲಿನ ಏಟಿನಿಂದ ಸಾಮಾನ್ಯವಾಗಿ ಆಗುವ ನಷ್ಟ ಕಡಿಮೆ. ಹಾಗೆಂದು ತಡೆಯ ಹಿಂದೆ ಅಡಗಿ ಕೂರಲೂ ಆಗದು. ಅಂಥವರನ್ನು ಹಿಡಿದು ಎಸೆಯಲೆಂದೇ ಪಟ್ಟುಗಳಿವೆ. ಪಟ್ಟು ಬರುವ ಸೂಚನೆ ಕಂಡರೆ ಕುಕ್ಕರಿಸಬೇಕು.

ತಡೆದ ಮೇಲೆ ಏನು? ಇಲ್ಲೇ ಬಹಳ ಮಂದಿ ಎಡವುತ್ತಾರೆ. ಪ್ರತಿ ಏಟಿಗೂ ಎತ್ತುವುದು, ತಾಗಿಸುವುದು, ಹಿಂದೆಳೆದುಕೊಳ್ಳುವುದು ಎಂಬ ಮೂರು ಭಾಗಗಳಿವೆ. ಭಾರವಾದ ಕತ್ತಿ ತಪ್ಪಿ ಗಾಳಿಗೆ ಬೀಸಿದರೆ, ಅಥವಾ ತಡೆಗೆ ಬಡಿದು ನಿಂತರೆ, ಅದನ್ನು ಹಿಂದೆಳೆದುಕೊಳ್ಳುವಷ್ಟು ಹೊತ್ತು ಅದರ ಒಡೆಯ ನಿಸ್ಸಹಾಯಕ. ಆಟ ಸೆಕೆಂಡಿಗೆ 60 ಚಿತ್ರಗಳ ಲೆಕ್ಕದಲ್ಲಿ ಓಡುವುದರಿಂದ ಈ ಬಿಡುವು ಕಣ್ಣು ಮಿಟುಕಿಸುವಷ್ಟೇ. ಆಗ ಬೇಕಾದದ್ದು ದೊಡ್ಡ ಏಟಲ್ಲ, ಚಿಕ್ಕ ಚುರುಕಿನ ಏಟು. ಹೊಸಬರಿಗೆ ಆಸೆ ತಡೆಯುವುದಿಲ್ಲ. ದೊಡ್ಡದನ್ನೇ ಎತ್ತುತ್ತಾರೆ, ಅಷ್ಟರಲ್ಲಿ ಎದುರಾಳಿ ಚೇತರಿಸಿಕೊಂಡಿರುತ್ತಾನೆ.

ಆಯುಧ ಬದಲಾದರೆ ಅಂತರವೂ ಬದಲು. ಕಿಲಿಕ್ ಎಂಬ ಪಾತ್ರದ ಉದ್ದನೆಯ ಕೋಲು ಹೊಸಬರಿಗೆ ಅನುಕೂಲ, ದೂರದಿಂದಲೇ ವೈರಿಯನ್ನು ತಡೆದು ನಿಲ್ಲಿಸಬಹುದು. ಆದರೆ ಮೈಮೇಲೆ ಬಂದವನ ಎದುರು ಆ ಉದ್ದದಿಂದ ಲಾಭವಿಲ್ಲ. ಮಿತ್ಸುರುಗಿಯ ಜಪಾನಿ ಕತ್ತಿ ಎಲ್ಲಕ್ಕೂ ಒಗ್ಗುವ ನಡುದಾರಿ. ಐವಿಯ ಕತ್ತಿಯೋ ತುಂಡುತುಂಡಾಗಿ ಬಿಚ್ಚಿಕೊಂಡು ಚಾಟಿಯಾಗುತ್ತದೆ. ನೋಡಲು ಚೆಂದ, ಕಲಿಯುವವರಿಗೆ ಸಂಕಟ.

ಈ ಕೂಟದಲ್ಲಿ ಕನ್ನಡಿಗರಿಗೆ ಪರಿಚಿತವಾದ ಆಯುಧವೂ ಒಂದಿದೆ. ಇಟಲಿಯ ಕುರುಡ ಕಾವಲುಗಾರ ವೋಲ್ಡೊನ ಎರಡೂ ಕೈಯಲ್ಲಿರುವುದು ಕಠಾರಿ. 'ಸೋಲ್‌ಕ್ಯಾಲಿಬರ್'ನಲ್ಲಿ ಆ ಜೋಡಿಯ ಹೆಸರು ಮನಸ್ ಮತ್ತು ಆಯುಸ್. ಎರಡೂ ಸಂಸ್ಕೃತ ಪದಗಳೇ. ಅಡ್ಡಪಟ್ಟಿಗಳನ್ನು ಮುಷ್ಟಿಯಲ್ಲಿ ಹಿಡಿದು ನೇರವಾಗಿ ಚುಚ್ಚುವ ಈ ಆಯುಧದ ಹಳೆಯ ಮಾದರಿಗಳನ್ನು ಆಯುಧಗಳ ಚರಿತ್ರೆ ಬರೆದವರು ವಿಜಯನಗರದ ಕಾಲದೊಂದಿಗೆ ಜೋಡಿಸುತ್ತಾರೆ. ಕಠಾರಿ ಎಂದರೆ ಮುಷ್ಟಿಗೇ ಅಲಗು ಮೊಳೆತಂತೆ. ಕೈ ಎಷ್ಟು ಉದ್ದವೋ ಅದಕ್ಕಿಂತ ಸ್ವಲ್ಪವೇ ಹೆಚ್ಚು. ವೋಲ್ಡೊ ಕೆಲವೊಮ್ಮೆ ಬೆನ್ನು ತಿರುಗಿಸಿ, ಕೆಲವೊಮ್ಮೆ ನೆಲದ ಮೇಲೆ ಹೊರಳಿ ವೈರಿಯತ್ತ ಬರುತ್ತಾನೆ. ಆಟದಲ್ಲಿ ಇದು ವಿಕಾರದ ತಮಾಷೆಯಂತೆ ಕಂಡರೂ ಗಿಡ್ಡ ಆಯುಧದವನ ಕಷ್ಟ ಅದರಲ್ಲಿದೆ. ಹತ್ತಿರ ಹೋಗದೆ ಅವನಿಗೆ ಗತಿಯಿಲ್ಲ, ನೆಟ್ಟಗೆ ಹೋದರೆ ಕೋಲಿನ ಏಟು ಕಾದಿರುತ್ತದೆ.

ನಿಲ್ಲುವ ಜಾಗದ ಲೆಕ್ಕ ಎದುರಾಳಿಗಷ್ಟೇ ಸಂಬಂಧಿಸಿದ್ದಲ್ಲ, ಬೆನ್ನ ಹಿಂದಿನ ಅಂಚೂ ಸೇರಿದೆ. ಕಣದಿಂದ ಹೊರಗೆ ಬಿದ್ದವನು, ಜೀವಪಟ್ಟಿ ತುಂಬಿದ್ದರೂ, ಆ ಸುತ್ತು ಸೋತಂತೆಯೇ. ಹಿಂದೆ ಹಿಂದೆ ಸರಿದು ತಪ್ಪಿಸಿಕೊಳ್ಳುವ ಅಭ್ಯಾಸವಿರುವ ಹೊಸಬ ಗೆಲ್ಲುತ್ತಿರುವ ಆಟವನ್ನೂ ಹೀಗೆ ಕಳೆದುಕೊಳ್ಳುತ್ತಾನೆ. ಅಂಚು ಹತ್ತಿರವಾದಾಗ ಹಿಂದಕ್ಕಲ್ಲ, ಪಕ್ಕಕ್ಕೆ ನಡೆಯಬೇಕು. ಅರ್ಧ ಸುತ್ತು ಬಳಸಿದರೆ ಅಂಚಿಗೆ ಬೆನ್ನು ಕೊಟ್ಟು ನಿಂತವನು ಎದುರಾಳಿಯಾಗಿರುತ್ತಾನೆ.

ಮಳಿಗೆಯಲ್ಲಿ ಇದನ್ನೆಲ್ಲ ಕಲಿಯಲು ನಾಣ್ಯ ಸುರಿಯಬೇಕಿತ್ತು. ಮನೆಯ ಯಂತ್ರದ ಅಭ್ಯಾಸ ವಿಭಾಗದಲ್ಲಿ ಎದುರಾಳಿಯನ್ನು ಸುಮ್ಮನೆ ನಿಲ್ಲಿಸಿಕೊಳ್ಳಬಹುದು. ಆಗ ಮೊದಲ ಸಂಜೆ ಮಾಡಬೇಕಾದ ಕೆಲಸ ಇಷ್ಟೇ: ಒಂದೇ ಅಡ್ಡಬೀಸನ್ನು ಮತ್ತೆ ಮತ್ತೆ ಬೀಸುತ್ತ, ಅದರ ತುದಿ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು ನೋಡುವುದು.