ಗೋವೆಯ ಪಾಠ: ಬಲಿಷ್ಠನು ಗಡಿ ದಾಟುವುದು ಎಂದು ಯುಕ್ತ?

ದೊಡ್ಡ ರಾಷ್ಟ್ರವೊಂದು ಪರರ ಅಧೀನದ ನೆಲಕ್ಕೆ ಸೈನ್ಯವನ್ನು ನುಗ್ಗಿಸಿದಾಗಲೆಲ್ಲ ಅದು ನ್ಯಾಯವೋ ಅನ್ಯಾಯವೋ ಎಂಬ ವಾದ ಏಳುತ್ತದೆ. ಮುಂಬಯಿಯ ಕನ್ನಡಿಗರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. 1961ರ ಡಿಸೆಂಬರಿನಲ್ಲಿ ಅದು ಈ ನಗರಕ್ಕೂ ನಮ್ಮ ಕಾರವಾರಕ್ಕೂ ನಡುವಣ ಕರಾವಳಿಯಲ್ಲೇ ಎದುರಾಗಿತ್ತು.

1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರು ಅದನ್ನು ಬಿಡಲೊಲ್ಲರು. ಬ್ರಿಟಿಷರು 1947ರಲ್ಲಿ ತೆರಳಿದರು. ಫ್ರೆಂಚರು 1954ರಲ್ಲಿ ಪಾಂಡಿಚೇರಿಯ ಆಡಳಿತವನ್ನು ಒಪ್ಪಿಸಿದರು. ಸಾಲಜಾರರ ಸರಕಾರ ಮಾತ್ರ ಹಸ್ತಾಂತರದ ಮಾತನ್ನೇ ಎತ್ತಗೊಡಲಿಲ್ಲ. 1955ರ ಆಗಸ್ಟ್ 15ರಂದು ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. 1961ರ ನವೆಂಬರಿನಲ್ಲಿ ಕಾರವಾರದೆದುರಿನ ಅಂಜದೀವ್ ದ್ವೀಪದಿಂದ ಭಾರತದ ಹಡಗಿಗೂ ಗುಂಡು ಬಿತ್ತು. ಹದಿನಾಲ್ಕು ವರ್ಷ ಕಾದ ನೆಹರೂ ಸರಕಾರ ಕಡೆಗೆ ಸೈನ್ಯವನ್ನು ಕಳುಹಿತು. ಡಿಸೆಂಬರ್ 19ರಂದು ಪೋರ್ತುಗೀಜ ಗವರ್ನರ್ ಜನರಲ್ ಶರಣಾದರು. ಅಂಜದೀವ್ ದಾಳಿಯಲ್ಲಿ ನಮ್ಮ ಏಳು ನಾವಿಕರು ಮಡಿದರು. ಆ ದಾಳಿಗೆ ಬೆಂಬಲವಾಗಿದ್ದ ಯುದ್ಧನೌಕೆಗಳಲ್ಲೊಂದರ ಹೆಸರು ‘ಮೈಸೂರು’.

ಆಕ್ಷೇಪಗಳು ಕ್ಷುಲ್ಲಕವಾಗಿರಲಿಲ್ಲ. ಭದ್ರತಾ ಮಂಡಲಿಯಲ್ಲಿ ಭಾರತದ ವಿರುದ್ಧದ ಗೊತ್ತುವಳಿ ಬಿದ್ದುದು ಸೋವಿಯತ್ ವಿಟೋದಿಂದ. ಶಾಂತಿಯನ್ನು ಜಗತ್ತಿಗೆ ಬೋಧಿಸಿದ ದೇಶವೇ ಕತ್ತಿ ಹಿರಿಯಿತೆಂದು ರಾಜಾಜಿಯಂಥ ಹಿರಿಯರೂ ನೊಂದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ 1962ರ ಚುನಾವಣೆಯಲ್ಲಿ ಉತ್ತರ ಮುಂಬಯಿಯ ಅಭ್ಯರ್ಥಿಯಾಗಿದ್ದರು. ಮತಕ್ಕಾಗಿಯೇ ಈ ದಂಡಯಾತ್ರೆ ಎಂದವರಿದ್ದರು. ಸಂಶಯಕ್ಕೆ ಎಡೆಯಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಗೋವೆಯವರ ದಾಸ್ಯ ಆ ಚುನಾವಣೆಗಿಂತ ಶತಮಾನಗಳಷ್ಟು ಹಳೆಯದು.

ನಮ್ಮ ಮತದಲ್ಲಿ ಸೈನ್ಯ ಗಡಿ ದಾಟುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ಅನ್ಯಾಯ ನಿಸ್ಸಂದೇಹವೇ? ಮಿಕ್ಕ ಬಾಗಿಲುಗಳನ್ನೆಲ್ಲ ತಟ್ಟಿದ್ದಾಯಿತೇ? ಮುಂದಿನ ಮಾತು ಆ ನೆಲದ ಜನರದೇ ಆಗುವುದೇ? ಮೊದಲೆರಡರಲ್ಲಿ ಗೋವೆಯ ಕಾರ್ಯ ತೇರ್ಗಡೆಯಾಗುತ್ತದೆ. ಮೂರನೆಯದಕ್ಕೆ ಉತ್ತರ ತಡವಾಗಿ ಬಂತು: 1967ರ ಜನವರಿಯಲ್ಲಿ ಮತ ಕೇಳಿದಾಗ ಗೋವೆಯವರು ಮಹಾರಾಷ್ಟ್ರದಲ್ಲಿ ವಿಲೀನವಾಗಲೊಲ್ಲೆವೆಂದರು, ದಿಲ್ಲಿ ಅದನ್ನು ಮನ್ನಿಸಿತು. 1987ರಲ್ಲಿ ಗೋವೆ ರಾಜ್ಯವಾಯಿತು.

ಅದೇ 1987ರಲ್ಲಿ ಒಪ್ಪಂದದ ಮೇರೆಗೆ ನಮ್ಮ ಸೈನ್ಯ ಶ್ರೀಲಂಕೆಗೆ ಹೋಯಿತು. ಕರೆದುದು ಅಲ್ಲಿನ ಸರಕಾರ. ಕಾದಾಡಬೇಕಾದುದು, ಯಾರ ರಕ್ಷಣೆಗೆಂದು ಹೋದರೋ ಆ ತಮಿಳರ ನಡುವಿನಿಂದಲೇ ಎದ್ದ ಹುಲಿಗಳೊಡನೆ. ಸಾವಿರಕ್ಕೂ ಮಿಕ್ಕ ಯೋಧರನ್ನು ಕಳೆದುಕೊಂಡು 1990ರಲ್ಲಿ ಅದು ಮರಳಿತು.

ಸರಕಾರದ ಆಹ್ವಾನವಿದ್ದರೂ ಜನರ ಮನಸ್ಸು ಜೊತೆಗಿಲ್ಲದಿದ್ದರೆ ಎಂಥ ಸೈನ್ಯವೂ ಪರದೇಶಿಯೇ. ಇನ್ನೊಂದು ದೇಶದತ್ತ ಪಡೆ ಹೊರಟಿತೆಂಬ ಸುದ್ದಿ ಬಂದಾಗ, ಜಯಘೋಷಕ್ಕೆ ಮೊದಲು ಆ ಮನಸ್ಸನ್ನು ವಿಚಾರಿಸುವುದು ಪ್ರಜೆಗಳಾದ ನಮ್ಮ ಕರ್ತವ್ಯ.