ಸಮ್ಮರ್ ಆಫ್ ಕೋಡ್: ಮೊಜಿಲ್ಲಾಕ್ಕೂ ಸ್ಥಾನ ಸಿಗದ ವರ್ಷ

ಸತತ ಹತ್ತು ವರ್ಷ ಪಟ್ಟಿಯಲ್ಲಿದ್ದ ಹೆಸರು ಹನ್ನೊಂದನೆಯ ವರ್ಷ ಕಾಣೆಯಾದರೆ ಏನೆಂದು ಭಾವಿಸಬೇಕು? 2015ರ ಮಾರ್ಚ್ ತಿಂಗಳಲ್ಲಿ ಮುಕ್ತ ತಂತ್ರಾಂಶ ವಲಯದಲ್ಲಿ ಎದ್ದ ಪ್ರಶ್ನೆ ಇದು. ಫೈರ್‌ಫಾಕ್ಸ್ ಬ್ರೌಸರ್ ರೂಪಿಸುವ ಮೊಜಿಲ್ಲಾ ಸಂಸ್ಥೆ ಆ ವರ್ಷ ಗೂಗಲ್‌ನ ‘ಸಮ್ಮರ್ ಆಫ್ ಕೋಡ್’ ಕಾರ್ಯಕ್ರಮಕ್ಕೆ ಆಯ್ಕೆಯಾಗಲಿಲ್ಲ. ಲಿನಕ್ಸ್ ಫೌಂಡೇಶನ್ ಮತ್ತು ಅಂತರ್ಜಾಲ ಬಳಕೆದಾರರ ಗುರುತು ಕಾಯುವ ಟಾರ್ ಯೋಜನೆಗಳಿಗೂ ಅದೇ ಉತ್ತರ ಬಂತು.

ಈ ಮೂರರ ತಂತ್ರಾಂಶಗಳಲ್ಲಿ ಯಾವುದೂ ಕಳಪೆಯಲ್ಲ. ಹಾಗಿದ್ದೂ ಹೀಗೇಕಾಯಿತು ಎಂಬುದನ್ನು ತಿಳಿಯಲು ಆಯ್ಕೆ ನಡೆಯುವ ಬಗೆಯನ್ನು ಮೊದಲು ಅರಿಯಬೇಕು.

ಯಾರು ಬೇಕಾದರೂ ಮೂಲ ಸಂಕೇತವನ್ನು ಓದಿ, ತಿದ್ದಿ, ಹಂಚಿಕೊಳ್ಳಬಹುದಾದ ತಂತ್ರಾಂಶಗಳನ್ನು ಕಟ್ಟಲು ಹೊಸ ಕೈಗಳನ್ನು ಒದಗಿಸುವ ಉದ್ದೇಶದಿಂದ ಗೂಗಲ್ 2005ರಲ್ಲಿ ಈ ಕಾರ್ಯಕ್ರಮ ಆರಂಭಿಸಿತು. ಮೊದಲ ವರ್ಷ ಇದ್ದದ್ದು ಸುಮಾರು 40 ಸಂಸ್ಥೆಗಳು, 400ಕ್ಕೂ ಹೆಚ್ಚು ವಿದ್ಯಾರ್ಥಿಗಳು. ಹೆಸರಿನಲ್ಲಿರುವ ಬೇಸಿಗೆ ಅಮೆರಿಕದ್ದು; ನಮ್ಮ ವಿದ್ಯಾರ್ಥಿಗಳ ಪಾಲಿಗೆ ಅದು ಮುಂಗಾರು ಮಳೆ ಹಾಗೂ ಸೆಮಿಸ್ಟರ್ ಪರೀಕ್ಷೆಗಳ ಕಾಲ!

ಆಯ್ಕೆಗೆ ಎರಡು ಹಂತಗಳಿವೆ. ವರ್ಷದ ಆರಂಭದಲ್ಲಿ ಸಂಸ್ಥೆಗಳು ಅರ್ಜಿ ಹಾಕುತ್ತವೆ. ಅರ್ಜಿಯ ಜೀವಾಳ ‘ಐಡಿಯಾ ಪಟ್ಟಿ’. ಹೊಸಬರು ಕೆಲವೇ ತಿಂಗಳಲ್ಲಿ ಮುಗಿಸಬಹುದಾದ ಕೆಲಸಗಳು ಯಾವುವು, ಪ್ರತಿಯೊಂದಕ್ಕೂ ಮಾರ್ಗದರ್ಶಕರು ಯಾರು ಎಂಬುದನ್ನು ಅದರಲ್ಲಿ ವಿವರಿಸಬೇಕು. ಈ ಪಟ್ಟಿ ಅಸ್ಪಷ್ಟವಾಗಿದ್ದರೆ ಎಂತಹ ಹೆಸರಾಂತ ಯೋಜನೆಯೂ ಉಳಿಯುವುದು ಕಷ್ಟ. ಆಯ್ಕೆಯಾದ ಸಂಸ್ಥೆಗಳಿಗೆ ಅಭ್ಯರ್ಥಿಗಳು ಅರ್ಜಿ ಸಲ್ಲಿಸುವುದು ಆನಂತರ. ಅಭ್ಯರ್ಥಿಯ ಭತ್ಯೆಯನ್ನು ಗೂಗಲ್ ನೇರವಾಗಿ ಭರಿಸುತ್ತದೆ. 2015ರಲ್ಲಿ ಅದು 5,500 ಡಾಲರ್, ಅಂದಿನ ದರದಲ್ಲಿ 3 ಲಕ್ಷ ರೂಪಾಯಿಗೂ ಅಧಿಕ. ಸಂಸ್ಥೆಗೆ ಸಲ್ಲುತ್ತಿದ್ದುದು ವಿದ್ಯಾರ್ಥಿಯೊಬ್ಬರಿಗೆ 500 ಡಾಲರ್ ಮಾತ್ರ.

ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಪಂಕ್ತಿಯಲ್ಲಿ ಹಾಕುವ ಎಲೆಗಳೇ ಕಡಿಮೆಯಾದರೆ ಕೆಲವರು ಹೊರಗುಳಿಯಲೇಬೇಕು. 2014ರಲ್ಲಿ 190 ಸಂಸ್ಥೆಗಳಿಗೆ ಅವಕಾಶವಿತ್ತು. 2015ರಲ್ಲಿ ಅದು 137ಕ್ಕೆ ಇಳಿಯಿತು. ಹೊಸ ಸಂಸ್ಥೆಗಳನ್ನೂ ಸೇರಿಸಿಕೊಳ್ಳುವುದು ಕಾರ್ಯಕ್ರಮದ ರೂಢಿಯಾದ್ದರಿಂದ ಕತ್ತರಿ ಹಳಬರ ಮೇಲೂ ಬಿತ್ತು. ದುಡ್ಡು ಹಾಕುವ ಕಂಪನಿಗೆ ಎಲೆ ಎಣಿಸುವ ಹಕ್ಕಿದೆ, ನಿಜ. ಆದರೆ ಹತ್ತು ವರ್ಷದ ರೂಢಿಯನ್ನು ನೆಚ್ಚಿ ವರ್ಷದ ಕೆಲಸವನ್ನು ಹಂಚಿಟ್ಟುಕೊಂಡವರಿಗೆ ಆ ಲೆಕ್ಕ ಮೊದಲೇ ತಿಳಿಯುವುದಿಲ್ಲ.

ನಷ್ಟವೇನು? ಹಣ ಅದರಲ್ಲಿ ಸಣ್ಣ ಪಾಲು. ಮುಕ್ತ ತಂತ್ರಾಂಶ ಯೋಜನೆಗಳ ನಿತ್ಯದ ಕೊರತೆ ಜನರದ್ದು. ನಾಲ್ಕಾರು ಸ್ವಯಂಸೇವಕರ ಹೆಗಲ ಮೇಲೆ ನಿಂತ ಯೋಜನೆಯಲ್ಲಿ ಒಬ್ಬರು ಬಿಟ್ಟುಹೋದರೂ ದೋಷಗಳು ತಿದ್ದದೆ ಉಳಿಯುತ್ತವೆ. ಬೇಸಿಗೆಗೆಂದು ಬಂದವರೆಲ್ಲರೂ ಉಳಿಯುವುದಿಲ್ಲ. ಉಳಿದ ಒಬ್ಬಿಬ್ಬರೇ ಮುಂದೆ ಯೋಜನೆಯ ಆಧಾರವಾಗುತ್ತಾರೆ. ಟಾರ್‌ನ ಕೆಲವು ಪ್ರಮುಖ ತಂತ್ರಜ್ಞರು ಮೊದಲು ಈ ಕಾರ್ಯಕ್ರಮದ ವಿದ್ಯಾರ್ಥಿಗಳಾಗಿ ಬಂದವರೇ. ಆಯ್ಕೆ ತಪ್ಪಿದ ವರ್ಷ ಅಂತಹವರು ಬರುವ ಬಾಗಿಲೊಂದು ಮುಚ್ಚುತ್ತದೆ.

ವಿದ್ಯಾರ್ಥಿಗಳ ಪಾಡು ಇನ್ನೊಂದು. ಭಾರತದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಕಾರ್ಯಕ್ರಮದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಪಟ್ಟಿ ಹೊರಬೀಳುವ ತಿಂಗಳುಗಳ ಮೊದಲೇ ಒಂದು ಯೋಜನೆಯನ್ನು ಆರಿಸಿಕೊಂಡು, ಅದರ ಸಂಕೇತ ಓದಿ, ಸಣ್ಣಪುಟ್ಟ ದೋಷ ತಿದ್ದಿ ಪರಿಚಯ ಬೆಳೆಸಿಕೊಳ್ಳುವುದು ಅವರಲ್ಲಿ ವಾಡಿಕೆ. ಆ ಯೋಜನೆಗೇ ಸ್ಥಾನ ಸಿಗದಿದ್ದರೆ, ಉಳಿದ ಕೆಲವೇ ವಾರಗಳಲ್ಲಿ ಮತ್ತೊಂದನ್ನು ಹುಡುಕಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಟಾರ್ ಮಾಡಿದ್ದು ಗಮನಾರ್ಹ. ಅದೇ ವರ್ಷ ದೇಣಿಗೆದಾರರ ನೆರವಿನಿಂದ ‘ಸಮ್ಮರ್ ಆಫ್ ಪ್ರೈವಸಿ’ ಎಂಬ ತನ್ನದೇ ಸಣ್ಣ ಕಾರ್ಯಕ್ರಮ ಆರಂಭಿಸಿ, ಭತ್ಯೆ ಕೊಟ್ಟು ವಿದ್ಯಾರ್ಥಿಗಳನ್ನು ಕರೆಯಿತು. ಮೊಜಿಲ್ಲಾ ಮುಂದಿನ ವರ್ಷಗಳಲ್ಲಿ ಗೂಗಲ್ ಪಟ್ಟಿಗೆ ಮರಳಿತು.

ಕೊರತೆಯಿಂದ ಹುಟ್ಟಿದ ಇನ್ನೊಂದು ದಾರಿ ಇದಕ್ಕಿಂತ ಹಳೆಯದು. 2006ರಲ್ಲಿ ಗ್ನೋಮ್ ಯೋಜನೆಗೆ ಸಮ್ಮರ್ ಆಫ್ ಕೋಡ್ ಮೂಲಕ 181 ಅರ್ಜಿಗಳು ಬಂದವು. ಅವುಗಳಲ್ಲಿ ಮಹಿಳೆಯರದು ಒಂದೂ ಇರಲಿಲ್ಲ. ಆ ಬೇಸಿಗೆಯಲ್ಲೇ ಗ್ನೋಮ್ ಮಹಿಳೆಯರಿಗಾಗಿ ಪ್ರತ್ಯೇಕ ತರಬೇತಿ ನಡೆಸಿತು. ಅದೇ ಬೆಳೆದು ಇಂದು ‘ಔಟ್‌ರೀಚಿ’ ಹೆಸರಿನಲ್ಲಿ ಹಲವು ಸಂಸ್ಥೆಗಳಿಗೆ ಭತ್ಯೆ ಸಹಿತ ಅಭ್ಯರ್ಥಿಗಳನ್ನು ಒದಗಿಸುತ್ತಿದೆ.

ಗೂಗಲ್‌ನ ನಿಯಮಗಳೂ ಬದಲಾಗಿವೆ. 2017ರಿಂದ ಭತ್ಯೆಯ ಮೊತ್ತ ಆಯಾ ದೇಶದ ಜೀವನವೆಚ್ಚವನ್ನು ಅವಲಂಬಿಸಿದೆ. 2022ರಿಂದ ವಿದ್ಯಾರ್ಥಿಗಳಲ್ಲದವರೂ, 18 ವರ್ಷ ತುಂಬಿದ ಹೊಸಬರಾದರೆ ಅರ್ಜಿ ಸಲ್ಲಿಸಬಹುದು. ಬದಲಾಗದ ಒಂದು ಸಂಗತಿಯೆಂದರೆ, ಇಲ್ಲಿ ಭತ್ಯೆ ಸಿಗುವುದು ಸಂಕೇತ ಬರೆಯುವವರಿಗೆ ಮಾತ್ರ, ಅನುವಾದಕ್ಕಿಲ್ಲ. ಫೈರ್‌ಫಾಕ್ಸ್ ಕನ್ನಡದಲ್ಲಿ ದೊರೆಯುವಂತೆ ಮಾಡಿದ ಸ್ವಯಂಸೇವಕರ ದುಡಿಮೆ, ಮೊಜಿಲ್ಲಾ ಆಯ್ಕೆಯಾದ ವರ್ಷಗಳಲ್ಲೂ ಈ ಲೆಕ್ಕದ ಹೊರಗೇ ಇತ್ತು.

ಸ್ಥಾನ ಸಿಗದ ಅಭ್ಯರ್ಥಿಗಳನ್ನು ಕೈಬಿಡದಿರಲೆಂದು ಕೆಡಿಇ ಸಮುದಾಯ ‘ಸೀಸನ್ ಆಫ್ ಕೆಡಿಇ’ ನಡೆಸಿಕೊಂಡು ಬಂದಿದೆ. ಅಲ್ಲಿ ಡಾಲರ್ ಭತ್ಯೆ ಇಲ್ಲ. ಕೆಲಸ ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ, ಬರೆದ ಸಂಕೇತ ತಂತ್ರಾಂಶದಲ್ಲಿ ಸೇರುತ್ತದೆ.